ಹನ್ನೆರಡು ಅಡಿ ಕೋಣೆಯೊಳಗೆ ಎಡಕುಮೇರಿ

(ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಕೋಣೆಯಲ್ಲಿ ನಾನು ಕಟ್ಟಿದ ಮಾದರಿ ರೈಲಿನ ಬಗ್ಗೆ ಇವತ್ತಿನ ಮಾತು. ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ತನಕ ರೈಲು ಹಾದಿ ಸುಮಾರು 55 ಕಿಲೋಮೀಟರ್. ಮನೆಯಲ್ಲಿ ಮಾದರಿ ರೈಲು ಕಟ್ಟುವವರಲ್ಲಿ ಹೆಚ್ಚಿನವರು ಹಿಡಿಯುವ ಅಳತೆಗೆ ಎಚ್‌ಒ ಅಂತ ಹೆಸರು. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಈ ಅಳತೆಯಲ್ಲಿ ಇಡೀ ಘಾಟಿಯನ್ನು ಕಟ್ಟಿದರೆ ಹಳಿಯೇ 632 ಮೀಟರ್ ಆಗುತ್ತದೆ. ನನ್ನ ಹತ್ತಿರ ಇದ್ದದ್ದು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆ. ಗೋಡೆಗುಂಟ ಒಂದು ಸುತ್ತು ಹಳಿ ಹಾಕಿದರೆ ಹತ್ತೂವರೆ ಮೀಟರ್. ಅಂದರೆ ನಿಜದ ಘಾಟಿಯಲ್ಲಿ ಒಂದು ಕಿಲೋಮೀಟರ್ ಕೂಡ ಇಲ್ಲ.

ಹಾಗಾಗಿ ಇವತ್ತು ನಾನು ಆಡುವ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ಇರುತ್ತದೆ. ಏನನ್ನು ಬಿಡಬೇಕು? ಹಳಿ ತರುವುದು, ಇಂಜಿನ್ ಕೊಳ್ಳುವುದು, ವೈರ್ ಎಳೆಯುವುದು, ಇವನ್ನೆಲ್ಲ ಯಾರಾದರೂ ಕಲಿಯಬಹುದು. ಆದರೆ ಮೊದಲ ದಿನ ಕಾಗದದ ಮೇಲೆ ಗೆರೆ ಎಳೆಯುವಾಗ ಎಲ್ಲವೂ ಬೇಕು ಅನ್ನಿಸುತ್ತದೆ. ದೊಡ್ಡ ಜಂಕ್ಷನ್ ಬೇಕು, ಶೆಡ್ ಬೇಕು, ಸೇತುವೆ, ಸುರಂಗ, ಪಕ್ಕದಲ್ಲಿ ಒಂದು ಊರು, ಊರಿಗೊಂದು ದೇವಸ್ಥಾನ. ಹಾಗೆ ಶುರು ಮಾಡಿದ ಲೇಔಟ್‌ಗಳಲ್ಲಿ, ಅಂದರೆ ಹಲಗೆ ಮೇಲೆ ಕಟ್ಟುವ ಮಾದರಿ ಹಾದಿಗಳಲ್ಲಿ, ಅರ್ಧಕ್ಕೇ ನಿಂತು ಧೂಳು ಹಿಡಿದವನ್ನು ನಾನು ಜಾಸ್ತಿ ನೋಡಿದ್ದೇನೆ.

ನಾನು ಆರಿಸಿಕೊಂಡದ್ದು ಎಡಕುಮೇರಿ, ಆ ಘಾಟಿಯ ನಡುವಿನ ಒಂದು ಸ್ಟೇಷನ್. ಕಾರಣ ಇದೆ. ನಮ್ಮ ಸೋದರಮಾವ ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೇಸಿಗೆ ರಜೆಗೆ ಅಲ್ಲಿಗೇ ಹೋಗುತ್ತಿದ್ದೆವು. 1979ರಲ್ಲಿ ಮಂಗಳೂರಿಗೆ ಮೀಟರ್ ಗೇಜ್ ಹಾದಿ ತೆರೆದಿತ್ತು. ರಾತ್ರಿ ಮಲಗಿದ ಮೇಲೆ ದೂರದಲ್ಲಿ ಗಾಡಿ ಏರುವ ಸದ್ದು ಕೇಳುತ್ತಿತ್ತು. ಆಮೇಲೆ ಆ ಹಾದಿ ಬ್ರಾಡ್ ಗೇಜ್ ಆಯಿತು. ಪ್ರಯಾಣಿಕರ ರೈಲು ಮತ್ತೆ ಶುರುವಾದದ್ದು 2007ರಲ್ಲಿ. ಅದಾಗಿ ಕೆಲವು ವರ್ಷಕ್ಕೆ, ಒಂದು ಮಳೆಗಾಲದಲ್ಲಿ, ನಾನಿದ್ದ ರೈಲು ಎಡಕುಮೇರಿಯಲ್ಲಿ ನಿಂತಿತು. ಒಂಟಿ ಹಾದಿ, ಎದುರಿನ ಗಾಡಿಗೆ ದಾರಿ ಬಿಡಬೇಕಿತ್ತು. ಮುಕ್ಕಾಲು ಗಂಟೆ ನಿಂತೆವು. ಸುತ್ತ ಕಾಡು ಬಿಟ್ಟರೆ ಏನೂ ಇಲ್ಲ. ಸ್ಟೇಷನ್ ಅಂದರೆ ಹೊರಗೆ ಆಟೋ ಸ್ಟ್ಯಾಂಡ್, ಒಂದು ಹೋಟೆಲು ಇರಬೇಕು ಅಲ್ವಾ? ಇಲ್ಲಿ ಹೊರಗೆ ಅನ್ನುವುದೇ ಇಲ್ಲ. ಬಂಡೆಯಿಂದ ನೀರು ಇಳಿಯುತ್ತಿತ್ತು. ಸಿಗ್ನಲ್ಲಿನ ಕೆಂಪು ದೀಪ ಒದ್ದೆ ಹಳಿ ಮೇಲೆ ಉದ್ದಕ್ಕೆ ಬಿದ್ದಿತ್ತು. ಆ ಮುಕ್ಕಾಲು ಗಂಟೆಯನ್ನೇ ನಾನು ಕಟ್ಟಲು ಹೊರಟದ್ದು. ಒಂದು ಜಾಗ, ಒಂದು ಕಾಲ, ಒಂದು ಹವೆ. 2010ರ ಆಸುಪಾಸು, ಆಷಾಢದ ಮಧ್ಯಾಹ್ನ.

ಹೀಗೆ ನಿರ್ಧಾರ ಮಾಡಿದ ಕೂಡಲೇ ಅರ್ಧ ಕೆಲಸ ತಾನಾಗಿ ಹಗುರಾಯಿತು. ಊರು ಕಟ್ಟಬೇಕಿಲ್ಲ. ರಸ್ತೆ, ಬಸ್ಸು, ಅಂಗಡಿ ಬೇಡ. ಡೀಸೆಲ್ ಇಂಜಿನ್ ಓಡುತ್ತಿದ್ದ ಕಾಲ, ಆದ್ದರಿಂದ ಹಳಿ ಮೇಲೆ ಕರೆಂಟ್ ತಂತಿ, ಕಂಬ ಬೇಡ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಆ ಹಾದಿಗೆ ಬಂದದ್ದು 2021ರಲ್ಲಿ, ಹಾಗಾಗಿ ಅದೂ ಬೇಡ. ಚೆನ್ನೈನ ಕೋಚ್ ಕಾರ್ಖಾನೆಯ ವಿನ್ಯಾಸದ, ನೀಲಿ ಬಣ್ಣದ ಐಸಿಎಫ್ ಬೋಗಿಗಳು ಸಾಕು.

ಈಗ ಅಳತೆಯ ವಿಷಯ. ಇಲ್ಲಿ ನಮ್ಮ ದೇಶದವರಿಗೆ ಒಂದು ತೊಡಕಿದೆ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಯುರೋಪು, ಅಮೆರಿಕದ ಸ್ಟಾಂಡರ್ಡ್ ಗೇಜ್ ಅದು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಸರಿಯಾಗಿ ಮಾಡಬೇಕಾದರೆ ಅಂತರ 19.3 ಮಿ.ಮೀ. ಬೇಕು. ಆ ಅಗಲದ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಳಿಯನ್ನೂ, ಹಳಿ ಕವಲೊಡೆಯುವ ಪಾಯಿಂಟನ್ನೂ ಕೈಯಲ್ಲೇ ಮಾಡಿ, ಎಲ್ಲ ಗಾಲಿಯ ಆಕ್ಸಲ್ ಬದಲಿಸಬೇಕು. ಮಾಡುವವರಿದ್ದಾರೆ, ಅವರ ತಾಳ್ಮೆಗೆ ಕೈಮುಗಿಯುತ್ತೇನೆ. ನಾನು ಆ 2.8 ಮಿ.ಮೀ. ಬಿಟ್ಟುಕೊಟ್ಟೆ. ಇಂಜಿನ್ನನ್ನು ನೇರ ಮುಂದಿನಿಂದ ನೋಡಿದರೆ ಮಾತ್ರ ಹಳಿ ಕಿರಿದಾಗಿದೆ ಅಂತ ಗೊತ್ತಾಗುತ್ತದೆ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಕೋಣೆಯಲ್ಲಿ ನೋಡುವವರು ಪಕ್ಕದಲ್ಲೇ ನಿಲ್ಲುತ್ತಾರೆ.

ಎಚ್‌ಒದಲ್ಲಿ ಅಡಿ ಲೆಕ್ಕ ಸುಲಭ. ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಆರಡಿ ಮನುಷ್ಯ 21 ಮಿ.ಮೀ. ಇರುತ್ತಾನೆ. ಇನ್ನೂ ಚಿಕ್ಕ ಜಾಗ ಇರುವವರಿಗೆ ಎನ್ ಅಳತೆ ಇದೆ, 160ರಲ್ಲಿ ಒಂದು ಪಾಲು, ಹಳಿ ಅಂತರ 9 ಮಿ.ಮೀ. ಎರಡು ಬೆಡ್‌ರೂಮಿನ ಫ್ಲಾಟಿನವರು ಅದನ್ನೂ ಯೋಚಿಸಿ. ಆದರೆ ನಮ್ಮ ರೈಲುಗಳ ಮಾದರಿ ಆ ಅಳತೆಯಲ್ಲಿ ಸಿಗುವುದು ಇನ್ನೂ ಕಷ್ಟ, ಮತ್ತು ಕಣ್ಣಿಗೆ ಕನ್ನಡಕ ಬಂದ ಮೇಲೆ ಎನ್ ಅಳತೆಯ ಬೆಸುಗೆ ಸುಲಭವಲ್ಲ.

ಹೊಸಬರು ಎಲ್ಲರೂ ಮೊದಲು ತರುವುದು ಒಂದು ಎಂಟು-ನಾಲ್ಕರ ಪ್ಲೈವುಡ್ ಶೀಟು. ಅಂಗಡಿಯಲ್ಲಿ ಹಾಗೇ ಸಿಗುತ್ತದೆ, ಕತ್ತರಿಸುವ ಕೆಲಸವಿಲ್ಲ. ದಯವಿಟ್ಟು ಆತುರ ಬೇಡ. ನಾಲ್ಕು ಅಡಿ ಅಗಲದ ಹಲಗೆಯನ್ನು ಗೋಡೆಗೆ ತಾಗಿಸಿ ಇಟ್ಟರೆ ಆಚೆ ಬದಿಗೆ ಕೈ ಎಟಕುವುದಿಲ್ಲ. ಕೋಣೆಯ ಮಧ್ಯಕ್ಕೆ ಎಳೆದರೆ ಸುತ್ತ ಓಡಾಡಲು ಜಾಗವಿಲ್ಲ. ಅದಕ್ಕಿಂತ ಮುಖ್ಯ, ತಿರುವು. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಬೇಕು ಅನ್ನುವುದು ಅನುಭವಿಗಳ ಲೆಕ್ಕ. ಐಸಿಎಫ್ ಬೋಗಿ ಬಫರಿನಿಂದ ಬಫರಿಗೆ, ಅಂದರೆ ತುದಿಯಿಂದ ತುದಿಗೆ, 22.3 ಮೀಟರ್, ಎಚ್‌ಒದಲ್ಲಿ 25.6 ಸೆಂ.ಮೀ. ಅದರ ಮೂರು ಪಟ್ಟು ಹತ್ತಿರ ಹತ್ತಿರ 77 ಸೆಂ.ಮೀ. ಎಂಟು-ನಾಲ್ಕರ ಹಲಗೆಯಲ್ಲಿ 55ಕ್ಕಿಂತ ಜಾಸ್ತಿ ಸಿಗದು. ಬೋಗಿಯ ಮಧ್ಯಭಾಗ ಒಳಕ್ಕೆ, ತುದಿಗಳು ಹೊರಕ್ಕೆ ಚಾಚಿಕೊಂಡು ನೋಡಲು ಸಂಕಟವಾಗುತ್ತದೆ.

ನಿಜವಾದ ರೈಲಿಗೆ ಎಷ್ಟು ಬೇಕು ಗೊತ್ತಾ? ನಮ್ಮ ಬ್ರಾಡ್ ಗೇಜ್‌ನಲ್ಲಿ ಅತಿ ಕಡಿದಾದ ತಿರುವಿಗೆ ಹತ್ತು ಡಿಗ್ರಿ ಅನ್ನುತ್ತಾರೆ, ತ್ರಿಜ್ಯ 175 ಮೀಟರ್. ಅದನ್ನು 87ರಿಂದ ಭಾಗಿಸಿದರೂ ಎರಡು ಮೀಟರ್. ಅಂಥ ಒಂದು ಅರ್ಧ ಸುತ್ತಿಗೆ ನನ್ನ ಕೋಣೆ ಸಾಲದು. ಇಲ್ಲೇ ಘಾಟಿ ನನ್ನ ಕೈ ಹಿಡಿದದ್ದು. ಆ ಹಾದಿಯಲ್ಲಿ 57 ಸುರಂಗಗಳಿವೆ. ನನ್ನ ಕೋಣೆಗೆ ನಾಲ್ಕು ಮೂಲೆ. ನಾಲ್ಕು ಮೂಲೆಯಲ್ಲೂ ಗುಡ್ಡ ಎಬ್ಬಿಸಿ, 77ಕ್ಕೆ ತುಸು ಕಡಿಮೆ, 75 ಸೆಂ.ಮೀ. ತಿರುವನ್ನು ಸುರಂಗದೊಳಗೆ ಇಟ್ಟೆ. ಕಣ್ಣಿಗೆ ಕಾಣುವುದು ನೇರ ಹಾದಿ ಮತ್ತು ಉದಾರವಾದ ಸಣ್ಣ ಬಳುಕು ಮಾತ್ರ. ರೈಲು ಕತ್ತಲೊಳಗೆ ಹೋಗಿ, ಒಂದು ಕ್ಷಣ ಮರೆಯಾಗಿ, ಬೇರೆ ಗೋಡೆಯಲ್ಲಿ ಹೊರಗೆ ಬರುತ್ತದೆ. ಸುರಂಗ ಇಲ್ಲದ ಬಯಲುಸೀಮೆ ಸ್ಟೇಷನ್ ಆಗಿದ್ದರೆ ಇದನ್ನು ಮರೆಮಾಡಲು ತುಂಬ ಕಷ್ಟಪಡಬೇಕಿತ್ತು. ಒಂದು ಎಚ್ಚರಿಕೆ. ಸುರಂಗದ ಗುಡ್ಡವನ್ನು ಎತ್ತಿ ಪಕ್ಕಕ್ಕಿಡುವ ಹಾಗೆ ಮಾಡಿ. ಗಾಡಿ ಹಳಿ ತಪ್ಪುವುದು ಯಾವಾಗಲೂ ಕೈ ಹೋಗದ ಕಡೆಯಲ್ಲೇ.

ಸ್ಟೇಷನ್ನಿನ ಉದ್ದವೂ ಬಿಡಬೇಕಾದ ಪಟ್ಟಿಯಲ್ಲಿತ್ತು. ನಮ್ಮ ರೈಲ್ವೆಯಲ್ಲಿ ಗೂಡ್ಸ್ ಗಾಡಿ ನಿಲ್ಲುವ ಲೂಪಿನ, ಅಂದರೆ ಪಕ್ಕದ ಹಳಿಯ, ಮಾಮೂಲು ಉದ್ದ 686 ಮೀಟರ್. ಎಚ್‌ಒದಲ್ಲಿ ಎಂಟು ಮೀಟರಿಗೆ ಸ್ವಲ್ಪ ಕಡಿಮೆ. ನನಗೆ ಸಿಕ್ಕಿದ್ದು ಎರಡು ಮೀಟರ್ ಚಿಲ್ಲರೆ. ಒಂದು ಇಂಜಿನ್, ಐದು ಬೋಗಿ ಹಿಡಿಯುತ್ತದೆ. ಐದು ಬೋಗಿಯ ರೈಲು ಚಿಕ್ಕದಾಯಿತಲ್ಲ ಅನ್ನಿಸಬಹುದು. ಆದರೆ ಸುರಂಗದಿಂದ ಮೊದಲ ಬೋಗಿ ಹೊರಬಂದು, ಕೊನೆಯದು ಇನ್ನೂ ಇನ್ನೊಂದು ಮೂಲೆಯಲ್ಲಿರುವಾಗ ಎಷ್ಟು ಬೋಗಿ ಅಂತ ಯಾರೂ ಎಣಿಸುವುದಿಲ್ಲ.

ಹಲಗೆಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಗೋಡೆಗೆ ಬ್ರಾಕೆಟ್, ಮೇಲೆ ಮರದ ರೀಪರಿನ ಚೌಕಟ್ಟು, ಅದರ ಮೇಲೆ 12 ಮಿ.ಮೀ. ಪ್ಲೈವುಡ್, 45 ಸೆಂ.ಮೀ. ಅಗಲ, ನೆಲದಿಂದ ನಾಲ್ಕು ಅಡಿ ಎತ್ತರ. ಎತ್ತರ ಕಡಿಮೆ ಮಾಡಬೇಡಿ. ರೈಲನ್ನು ಹೆಲಿಕಾಪ್ಟರಿನಿಂದ ನೋಡಿದ ಹಾಗೆ ನೋಡಬಾರದು, ಪ್ಲಾಟ್‌ಫಾರಂ ಮೇಲೆ ನಿಂತ ಹಾಗೆ ನೋಡಬೇಕು. ಪ್ಲೈವುಡ್ಡಿಗೆ ಎರಡೂ ಬದಿ ಪ್ರೈಮರ್ ಹೊಡೆಯಿರಿ. ಒಂದೇ ಬದಿಗೆ ಹೊಡೆದರೆ ಮಳೆಗಾಲದಲ್ಲಿ ಇನ್ನೊಂದು ಬದಿ ನೀರು ಹೀರಿ ಹಲಗೆ ಬಾಗುತ್ತದೆ.

ಕೋಣೆಯ ಸುತ್ತ ಹಳಿ ಅಂದರೆ ಬಾಗಿಲ ಎದುರೂ ಹಳಿ ಬರಬೇಕು. ಅಲ್ಲಿ ಎತ್ತಿಡುವ ಸೇತುವೆ ಮಾಡಿದ್ದೇನೆ. ಘಾಟಿಯ ಉದ್ದ ಸೇತುವೆಗಳಲ್ಲಿ ಒಂದರ ನೆನಪಿಗೆ ಕಂಬದ ಮೇಲಿನ ಗರ್ಡರ್. ಪ್ರತಿ ಸಲ ಇಟ್ಟಾಗಲೂ ಎರಡು ತುದಿಯ ಹಳಿ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂರಬೇಕು. ಇದಕ್ಕೆ ನಾನು ಬಳಸಿದ್ದು ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಟವರ್ ಬೋಲ್ಟು, ಕಿಟಕಿಗೆ ಹಾಕುವ ಚಿಲಕ. ತುದಿಗೆರಡರಂತೆ ನಾಲ್ಕು. ಚಿಲಕ ಸರಿದಾಗ ಸೇತುವೆ ಜಾಗಕ್ಕೆ ಕೂರುತ್ತದೆ. ಹಿತ್ತಾಳೆ ಆದ್ದರಿಂದ ಅದೇ ಚಿಲಕದ ಮೂಲಕ ಸೇತುವೆಯ ಹಳಿಗೆ ಕರೆಂಟೂ ಹೋಗುತ್ತದೆ. ಇನ್ನೊಂದು ಉಪಕಾರ ಇದೆ. ಸೇತುವೆಯ ಎರಡೂ ಬದಿಯ ಒಂದೊಂದು ಮೀಟರ್ ಹಳಿಗೂ ಕರೆಂಟು ಈ ಚಿಲಕದ ಮೂಲಕವೇ ಹಾಯಿಸಿದ್ದೇನೆ. ಚಿಲಕ ತೆಗೆದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಯಾರಾದರೂ ಬಾಗಿಲು ತೆಗೆದಾಗ ಇಂಜಿನ್ ನಾಲ್ಕಡಿ ಕೆಳಗೆ ಬೀಳುತ್ತದೆ.

ಏರಿನ ಮಾತು ನನಗೆ ತುಂಬ ಇಷ್ಟವಾದದ್ದು. ಮಾದರಿ ರೈಲಿಗೆ ನೂರಕ್ಕೆ ಎರಡರಷ್ಟು ಏರು ಸುರಕ್ಷಿತ, ಮೂರಾದರೆ ತ್ರಾಸ ಅನ್ನುತ್ತಾರೆ. ಸಕಲೇಶಪುರದ ಘಾಟಿಯ ಏರು 50ಕ್ಕೆ 1. ಅಂದರೆ ಅದೂ ನೂರಕ್ಕೆ ಎರಡೇ! ಬೇರೆಲ್ಲ ಕಡೆ ನಾನು ನಿಜವನ್ನು ಕುಗ್ಗಿಸಬೇಕಾಯಿತು. ಇದೊಂದನ್ನು ಇದ್ದ ಹಾಗೆ ಇಡಬಹುದಿತ್ತು. ನಿಜದ ಇಂಜಿನ್ ಎಷ್ಟು ಓರೆಯಾಗಿ ನಿಲ್ಲುತ್ತದೋ ನನ್ನ ಇಂಜಿನ್ನೂ ಅಷ್ಟೇ ಓರೆಯಾಗಿ ನಿಲ್ಲುತ್ತದೆ.

ಅಳೆಯುವುದು ಹೇಗೆ ಅಂತ ತೋರಿಸುತ್ತೇನೆ. ಇದು ಗಾರೆ ಕೆಲಸದವರ ರಸಮಟ್ಟ, 50 ಸೆಂ.ಮೀ. ಉದ್ದ. ಇದರ ಒಂದು ತುದಿಯ ಅಡಿಗೆ ಸರಿಯಾಗಿ 1 ಸೆಂ.ಮೀ. ದಪ್ಪದ ಮರದ ಚೂರು ಅಂಟಿಸಿದ್ದೇನೆ. ಚೂರು ಇರುವ ತುದಿ ಇಳುಕಲಿನ ಕಡೆಗೆ ಬರುವ ಹಾಗೆ ಹಳಿ ಹಾಸುವ ಹಲಗೆ ಮೇಲೆ ಇಡಿ. ಗುಳ್ಳೆ ಮಧ್ಯಕ್ಕೆ ಬಂತು ಅಂದರೆ ಏರು 50ಕ್ಕೆ 1. ಗುಣಾಕಾರ ಭಾಗಾಕಾರ ಏನೂ ಬೇಡ. ಒಂದೊಂದು ಗೇಣಿಗೂ ಇಟ್ಟು ನೋಡುತ್ತಾ ಹೋದೆ. ಏರು ಶುರುವಾಗುವ ಜಾಗದಲ್ಲಿ ಮಾತ್ರ ಒಮ್ಮೆಲೇ ಮುರಿಯಬಾರದು. ಬೋಗಿಯ ಒಂದೆರಡು ಉದ್ದದಷ್ಟು ಜಾಗದಲ್ಲಿ ನಿಧಾನವಾಗಿ ಬಾಗಿಸಬೇಕು. ಇಲ್ಲದಿದ್ದರೆ ಕೊಂಡಿ ಕಳಚುತ್ತದೆ.

ನಾಲ್ಕು ಮೀಟರ್ ಏರಿ ಎಂಟು ಸೆಂ.ಮೀ. ಎತ್ತರಕ್ಕೆ, ಸೇತುವೆ ದಾಟಿ, ಮತ್ತೆ ನಾಲ್ಕು ಮೀಟರ್ ಇಳಿತ. ನಿಜದ ಘಾಟಿ ಹೀಗೆ ಏರಿ ಇಳಿಯುವುದಿಲ್ಲ, ಒಂದೇ ಕಡೆಗೆ ಇಳಿಯುತ್ತದೆ. ಕೋಣೆಯಲ್ಲಿ ಸುತ್ತು ಕೂಡಬೇಕಾದರೆ ಬೇರೆ ದಾರಿ ಇರಲಿಲ್ಲ. ಸ್ಟೇಷನ್ ಇರುವ ಜಾಗ ಮಾತ್ರ ಪೂರ್ತಿ ಮಟ್ಟಸ. ನಮ್ಮ ರೈಲ್ವೆಯ ನಿಯಮದಲ್ಲೂ ಸ್ಟೇಷನ್ ಯಾರ್ಡಿಗೆ 400ಕ್ಕೆ 1ಕ್ಕಿಂತ ಹೆಚ್ಚು ಇಳುಕಲು ಇರಬಾರದು. ಯಾಕೆ ಅಂತ ನನ್ನ ಮೊದಲ ಹಲಗೆಯಲ್ಲೇ ಗೊತ್ತಾಯಿತು. ಇಂಜಿನ್ ಬಿಚ್ಚಿದ ಮರುಕ್ಷಣ ಬೋಗಿಗಳು ತಾವಾಗಿ ಸುರಂಗದ ಕಡೆ ಹೊರಟವು.

ಹಳಿ ಹಾಸುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಯಾಕೆಂದರೆ ಮೊದಲ ಸಲ ಹಾಸಿದ್ದನ್ನು ಪೂರ್ತಿ ಕೀಳಬೇಕಾಯಿತು. ಆಗ ಲೇಔಟ್ ಇದ್ದದ್ದು ಟೆರೇಸ್ ಮೇಲಿನ ಶೀಟಿನ ಕೋಣೆಯಲ್ಲಿ. ಜನವರಿಯ ಚಳಿಯಲ್ಲಿ ಹಾಸಿದೆ. ಜೋಡಣೆ ಗಟ್ಟಿಯಾಗಿರಲಿ ಅಂತ ಐದು ಮೀಟರ್ ಉದ್ದಕ್ಕೆ ಎಲ್ಲ ಕೂಡುಗಳಿಗೂ ಬೆಸುಗೆ ಹಾಕಿಬಿಟ್ಟೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಹಳಿ ಹಾವಿನ ಹಾಗೆ ಪಕ್ಕಕ್ಕೆ ಸೊಟ್ಟಗಾಗಿತ್ತು. ಲೆಕ್ಕ ಹಾಕಿದರೆ ಸರಿಯೇ. ಈ ಹಳಿಯ ಲೋಹಕ್ಕೆ ನಿಕಲ್ ಸಿಲ್ವರ್ ಅಂತ ಹೆಸರಿದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ. ಇಪ್ಪತ್ತು ಡಿಗ್ರಿ ಬಿಸಿ ಏರಿದರೆ ಐದು ಮೀಟರ್ ಹಳಿ ಸುಮಾರು ಒಂದೂಮುಕ್ಕಾಲು ಮಿ.ಮೀ. ಉದ್ದವಾಗುತ್ತದೆ. ಜೊತೆಗೆ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ. ಆ ಇಷ್ಟೇ ಇಷ್ಟು ಜಾಸ್ತಿ ಉದ್ದ ಒಂದೇ ಕಡೆ ಪಕ್ಕಕ್ಕೆ ತಳ್ಳಿದರೆ ಎರಡು ಸೆಂ.ಮೀ. ಡೊಂಕು ಬರುತ್ತದೆ. ಬೇಸಿಗೆಯ ಉರಿಬಿಸಿಲಿನಲ್ಲಿ ರೈಲ್ವೆಯವರು ಹಳಿ ನೋಡಿಕೊಂಡು ಬರಲು ಗಸ್ತು ಕಳಿಸುತ್ತಾರಲ್ಲ, ಅವರು ಹುಡುಕುವುದೂ ಇದೇ ಡೊಂಕನ್ನು. ಆ ದಿನದಿಂದ ಹಳಿ ಪಕ್ಕ ನಡೆದುಹೋಗುವ ಗ್ಯಾಂಗ್‌ಮನ್ನರನ್ನು ನೋಡುವ ನನ್ನ ನೋಟವೇ ಬೇರೆಯಾಯಿತು.

ಎರಡನೇ ಸಲ ಕೆಳಗಿನ ಕೋಣೆಗೆ ಬಂದೆ. ತಿರುವಿನಲ್ಲಿ ಮಾತ್ರ ಬೆಸುಗೆ, ನೇರ ಹಾದಿಯ ಕೂಡುಗಳಲ್ಲಿ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು. ಹಾಸಿದ ಮೇಲೆ ಕಣ್ಣು ಮುಚ್ಚಿಕೊಂಡು ಪ್ರತಿ ಕೂಡಿನ ಮೇಲೂ ಬೆರಳಿನ ಉಗುರು ಎಳೆಯುತ್ತೇನೆ. ಉಗುರು ತಡೆದರೆ ಗಾಲಿಯೂ ತಡೆಯುತ್ತದೆ. ಅಲ್ಲಿ ಸಣ್ಣ ಅರದಿಂದ ಉಜ್ಜಿ ಸಮ ಮಾಡಬೇಕು. ಆಮೇಲೆ ಮೊಬೈಲನ್ನು ಹಳಿ ಮಟ್ಟಕ್ಕೆ ಇಟ್ಟು ಉದ್ದಕ್ಕೂ ಫೋಟೋ ತೆಗೆಯಿರಿ. ನಿಂತು ನೋಡಿದಾಗ ನೇರ ಕಂಡದ್ದು ಫೋಟೋದಲ್ಲಿ ಎಲ್ಲೆಲ್ಲಿ ವಾಲಿದೆ ಅಂತ ಕಾಣುತ್ತದೆ.

ಜಲ್ಲಿ ಹಾಕುವುದು ಧ್ಯಾನದ ಹಾಗೆ. ನಿಜದ ಜಲ್ಲಿ ಕಲ್ಲು 50 ಮಿ.ಮೀ. ಆಸುಪಾಸು, ಎಚ್‌ಒಗೆ ಅರ್ಧ ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಎರಡು ಜರಡಿ ಬೇಕು. ಮೊದಲು ದಪ್ಪ ಕಣ್ಣಿನದರಲ್ಲಿ ಎಂ-ಸ್ಯಾಂಡ್ ಜರಡಿ ಹಿಡಿದು ಬಿದ್ದದ್ದನ್ನು ತೆಗೆದುಕೊಳ್ಳಿ. ಆಮೇಲೆ ನುಣ್ಣನೆ ಕಣ್ಣಿನದರಲ್ಲಿ ಹಿಡಿದು ಈ ಸಲ ಉಳಿದದ್ದನ್ನು ಇಟ್ಟುಕೊಳ್ಳಿ. ತೊಳೆದು ಒಣಗಿಸಿ. ಹಳಿಗಳ ನಡುವೆ ಚಮಚದಿಂದ ಸುರಿದು ಒಣ ಬ್ರಷ್‌ನಿಂದ ಸವರಿ. ಸ್ಲೀಪರ್ ಮೇಲೆ ಒಂದು ಕಾಳೂ ಉಳಿಯಬಾರದು. ಅದಾದ ಮೇಲೆ ನೀರು ಸಿಂಪಡಿಸಿ, ಒಂದು ಪಾಲು ಫೆವಿಕಾಲ್, ಒಂದು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಡ್ರಾಪರಿನಿಂದ ಹನಿ ಹನಿ ಬಿಡಿ. ಆ ಸೋಪಿನ ಹನಿ ಮರೆತರೆ ಫೆವಿಕಾಲ್ ನೀರು ಗುಂಡಗೆ ಮುತ್ತಿನ ಹಾಗೆ ನಿಂತು ಮರಳನ್ನೆಲ್ಲ ಎಳೆದುಕೊಂಡು ಉರುಳುತ್ತದೆ. ಸೋಪಿದ್ದರೆ ಸದ್ದಿಲ್ಲದೆ ಒಳಗೆ ಇಂಗುತ್ತದೆ. ಪಾಯಿಂಟಿನ ಸರಿಯುವ ನಾಲಿಗೆಯ ಹತ್ತಿರ ಮಾತ್ರ ಅಂಟು ಬೇಡವೇ ಬೇಡ. ಒಂದು ಸಂಜೆಗೆ ಒಂದು ಅಡಿ, ಅದಕ್ಕಿಂತ ಜಾಸ್ತಿ ನಾನು ಮಾಡಲೇ ಇಲ್ಲ.

ವೈರಿಂಗ್ ಬಗ್ಗೆ ಸ್ವಲ್ಪ. ಹಳೆಯ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್ ತನಕ ಡಿಸಿ ಕರೆಂಟು. ವೋಲ್ಟ್ ಏರಿಸಿದರೆ ವೇಗ, ಪ್ಲಸ್ ಮೈನಸ್ ತಿರುಗಿಸಿದರೆ ಹಿಂದಕ್ಕೆ. ಒಂದು ಹಳಿ ಮೇಲಿನ ಎಲ್ಲ ಇಂಜಿನ್ನೂ ಒಟ್ಟಿಗೇ ಓಡುತ್ತವೆ. ಡಿಸಿಸಿ ಅನ್ನುವ ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲಿ ಕರೆಂಟು ಯಾವಾಗಲೂ ಇರುತ್ತದೆ, ಜೊತೆಗೆ ಸಂದೇಶವೂ ಹೋಗುತ್ತದೆ. ಪ್ರತಿ ಇಂಜಿನ್ನಿನೊಳಗೆ ಒಂದು ಚಿಪ್ಪು, ಅದಕ್ಕೊಂದು ನಂಬರು. ಹೊಸ ಚಿಪ್ಪಿಗೆಲ್ಲ ಕಾರ್ಖಾನೆಯಲ್ಲಿ ಕೊಡುವ ನಂಬರು 3. ತನ್ನ ನಂಬರು ಕರೆದಾಗ ಮಾತ್ರ ಇಂಜಿನ್ ಓಗೊಡುತ್ತದೆ. ಆರ್ಡುವಿನೋ ಅನ್ನುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನಿಂದ ಇದರ ನಿಯಂತ್ರಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಬೆಳಿಗ್ಗೆ ಸುತ್ತಿದರೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಇಲ್ಲಿ ಸಾಫ್ಟ್‌ವೇರ್‌ನವರು ಇದ್ದೀರಿ, ನಿಮಗೊಂದು ವಿಷಯ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಮಾದರಿ ರೈಲು ಕ್ಲಬ್ಬಿನ ಹುಡುಗರು ಹಲಗೆಯ ಕೆಳಗೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚು, ಜೋಡಿಸುತ್ತಾ ಜೋಡಿಸುತ್ತಾ ಕಂಪ್ಯೂಟರ್ ಕಡೆಗೆ ಹೋದವರು. ಹ್ಯಾಕ್ ಅನ್ನುವ ಮಾತು ಇವತ್ತಿನ ಅರ್ಥದಲ್ಲಿ ಬಳಕೆಗೆ ಬಂದದ್ದು ಅವರ ಬಾಯಿಂದ.

ಹಲಗೆಯ ಅಡಿಯಲ್ಲಿ ಸುತ್ತಲೂ ಮನೆ ವೈರಿಂಗಿನ 1.5 ಚದರ ಮಿ.ಮೀ. ತಂತಿ ಎರಡೆಳೆ, ಕೆಂಪು ಮತ್ತು ಕಪ್ಪು. ಅದರಿಂದ ಪ್ರತಿ ಹಳಿ ತುಂಡಿಗೂ ಒಂದೊಂದು ಸಣ್ಣ ತಂತಿ. ಕೂಡಿನ ತಗಡನ್ನು ನಂಬಿ ಕರೆಂಟು ಹಾಯಿಸಬೇಡಿ, ಒಂದು ಮಳೆಗಾಲ ಕಳೆದರೆ ಅದು ಕೈ ಕೊಡುತ್ತದೆ. ಮುಗಿದ ಮೇಲೆ ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಎರಡೂ ಹಳಿಗೆ ತಾಗುವ ಹಾಗೆ ಇಡಿ. ಕೂಡಲೇ ನಿಯಂತ್ರಕ ಟ್ರಿಪ್ ಆಗಬೇಕು. ಹೀಗೆ ಅಡಿಗೊಂದು ಸಲ ಕೋಣೆ ಪೂರ್ತಿ ಮಾಡಿ. ಎಲ್ಲಿ ಟ್ರಿಪ್ ಆಗಲಿಲ್ಲವೋ ಅಲ್ಲಿ ತಂತಿ ಸಣ್ಣದಿದೆ ಅಥವಾ ಬೆಸುಗೆ ಸರಿ ಇಲ್ಲ. ಆ ಜಾಗದಲ್ಲಿ ಮುಂದೊಂದು ದಿನ ಗಾಡಿ ಹಳಿ ತಪ್ಪಿ ಶಾರ್ಟ್ ಆದರೆ ಕರೆಂಟು ನಿಲ್ಲದೆ ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ. ನನಗೆ ಮೂರು ಕಡೆ ಸಿಕ್ಕಿತು.

ಇನ್ನು ಕಾಡು. ಗುಡ್ಡದ ಎಲುಬು ಥರ್ಮೋಕೋಲ್, ಮೇಲೆ ಹಳೆಯ ಪೇಪರ್ ಚೂರುಗಳನ್ನು ಮೈದಾ ಗೋಂದಿನಲ್ಲಿ ಅದ್ದಿ ನಾಲ್ಕು ಪದರ, ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್). ಸುಮ್ನೆ ಮೈದಾ ಗೋಂದು ಹಾಕಿದರೆ ಜಿರಲೆ, ಬೂಷ್ಟು ಎರಡೂ ಬರುತ್ತವೆ. ಪುಸ್ತಕದ ಬೈಂಡಿಂಗ್ ಮಾಡುವವರು ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ನಮ್ಮ ಮಾವನ ತೋಟದಲ್ಲಿ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಕಲಸುತ್ತಿದ್ದದ್ದೂ ಅದೇ ನೀಲಿ ಹರಳು. ನಾನೂ ಹಾಕಿದೆ. ಆರು ಮಳೆಗಾಲ ಕಳೆದಿದೆ, ಬೂಷ್ಟು ಹಿಡಿದಿಲ್ಲ. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬಂಡೆಗೆ ಪಿಒಪಿ ಅರ್ಧ ಗಟ್ಟಿಯಾದಾಗ ಹಳೆಯ ಚಾಕುವಿನಿಂದ ಕೆತ್ತಬೇಕು. ಬಣ್ಣ ಮೂರು ಸಲ, ಬೂದು, ಕಪ್ಪು ನೀರು, ಸಂದಿಯಲ್ಲಿ ಕೆಮ್ಮಣ್ಣು. ಮಳೆಗಾಲ ಅಂತ ತೀರ್ಮಾನಿಸಿದ್ದರಿಂದ ನೀರು ಇಳಿಯುವ ಗೆರೆಗಳಿಗೆ ಮಾತ್ರ ಹೊಳಪಿನ ವಾರ್ನಿಷ್. ಇಡೀ ಬಂಡೆಗೆ ಹೊಡೆದರೆ ಪ್ಲಾಸ್ಟಿಕ್ ಆಗಿಬಿಡುತ್ತದೆ. ಸಣ್ಣ ಝರಿ ಮಾಡುವುದು ಹೀಗೆ. ಗಾಜಿನ ತುಂಡಿನ ಮೇಲೆ ಪಾರದರ್ಶಕ ಸಿಲಿಕೋನ್ ಸೀಲಂಟ್ ಉದ್ದಕ್ಕೆ ಹಿಂಡಿ, ಬಾಚಣಿಗೆಯಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಒಂದು ರಾತ್ರಿ ಬಿಟ್ಟು ಬ್ಲೇಡಿನಿಂದ ಎಬ್ಬಿಸಿದರೆ ನೀರಿನ ಪರದೆಯ ಹಾಗೆ ಬರುತ್ತದೆ. ಬಂಡೆಗೆ ಅಂಟಿಸಿ, ಏಣುಗಳಿಗೆ ಒಣ ಬ್ರಷ್‌ನಲ್ಲಿ ಬಿಳಿ ತಾಗಿಸಿ.

ಮರಕ್ಕೆ ತಾಮ್ರದ ತಂತಿ ಹೆಣೆದು ಕೊಂಬೆ, ಮೇಲೆ ಎಂ-ಸೀಲ್ ಸವರಿ ತೊಗಟೆ. ಎಲೆಗೆ ಹಾಸಿಗೆಯ ಫೋಮ್ ಚೂರನ್ನು ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ, ಹಿಂಡಿ, ಬಣ್ಣದಲ್ಲಿ ಅದ್ದಿ ಒಣಗಿಸಬೇಕು. ಇದಕ್ಕೆ ಅಂತಲೇ ಬೇರೆ ಜಾರ್ ಇಟ್ಟುಕೊಳ್ಳಿ. ಒಂದೇ ಹಸಿರು ಮಾಡಬೇಡಿ. ಘಾಟಿ ಕಾಡಿನಲ್ಲಿ ಕಪ್ಪಿಗೆ ತಿರುಗಿದ ಹಸಿರು, ಹಳದಿ ಹಸಿರು, ಚಿಗುರಿನ ಕೆಂಪು, ಎಲ್ಲ ಒಟ್ಟಿಗೇ ಇರುತ್ತದೆ. ನಾನು ಏಳು ಡಬ್ಬಿ ಮಾಡಿಕೊಂಡಿದ್ದೇನೆ. ಮರ 420 ಆಗಿದೆ, ಇನ್ನೂ ಸಾಲದು.

ಅಳತೆಗೆ, ಫೋಟೋಗೆ ಅಂತ ನಿಜದ ಘಾಟಿಯ ಹಳಿ ಮೇಲೆ ನಡೆಯಲು ಹೋಗಬೇಡಿ. ಅದು ರೈಲ್ವೆ ಕಾಯ್ದೆಯಲ್ಲಿ ಅಪರಾಧ, ಮತ್ತು ಸುರಂಗದಲ್ಲಿ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ. ಹಗಲು ರೈಲಿನಲ್ಲಿ ಕಿಟಕಿ ಸೀಟು ಹಿಡಿದು ಕೂತರೆ ಬೇಕಾದಷ್ಟು ಕಾಣುತ್ತದೆ. ಟೇಪ್ ಹಿಡಿದು ಅಳೆಯಬೇಕು ಅನ್ನುವವರಿಗೆ ಮೈಸೂರಿನ ರೈಲು ಮ್ಯೂಸಿಯಂ ಇದೆ, 1979ರಿಂದ. ಪುಣೆಯ ಕೊತ್ರೂಡ್‌ನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ನಡೆಯುತ್ತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಇಂಜಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಇಂಜಿನ್‌ಗಳ ಮಾದರಿ ಮಾಡುವವರು ಕಡಿಮೆ, ಒಂದಕ್ಕೆ ಒಳ್ಳೆಯ ಮೊಬೈಲಿನಷ್ಟು ಬೆಲೆ ಬೀಳುತ್ತದೆ. ಘಾಟಿಯಲ್ಲಿ ದುಡಿದ ಡಬ್ಲ್ಯುಡಿಜಿ-4 ಅನ್ನುವ ಡೀಸೆಲ್ ಇಂಜಿನ್ ಮೂಲದಲ್ಲಿ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ. ಅದೇ ಬಳಗದ ಅಮೆರಿಕದ ಎಸ್‌ಡಿ70 ಮಾದರಿ ಸುಲಭವಾಗಿ ಸಿಗುತ್ತದೆ. ಅದರ ಮೋಟಾರು, ಗಾಲಿ ಇಟ್ಟುಕೊಂಡು, ಮೇಲಿನ ಒಡಲನ್ನು ಪ್ಲಾಸ್ಟಿಕ್ ಶೀಟಿನಲ್ಲಿ ಕತ್ತರಿಸಿ ಮಾಡಿದೆ. ಬೋಗಿಗಳು ದಪ್ಪ ಕಾಗದದವು, ಪ್ರಿಂಟ್ ತೆಗೆದು ಮಡಚಿ ಅಂಟಿಸಿದವು. ಕಾಗದದ ಬೋಗಿ ಅಂತ ತಾತ್ಸಾರ ಬೇಡ. ಒಳಗೆ ಎರಡು ಕಬ್ಬಿಣದ ನಟ್ ಅಂಟಿಸಿ ತೂಕ ಕೊಟ್ಟರೆ ಚೆನ್ನಾಗಿ ಓಡುತ್ತದೆ.

ಓಡಿಸುವಾಗ ನಿಧಾನ. ಗಂಟೆಗೆ 30 ಕಿ.ಮೀ. ಅಂದರೆ ಎಚ್‌ಒದಲ್ಲಿ ಸೆಕೆಂಡಿಗೆ ಹತ್ತು ಸೆಂ.ಮೀ. ಕೂಡ ಇಲ್ಲ. ನನ್ನ ಕೋಣೆಯ ಒಂದು ಸುತ್ತಿಗೆ 1 ನಿಮಿಷ 50 ಸೆಕೆಂಡ್. ಗೂಡ್ಸ್ ಏರುವಾಗ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಹಚ್ಚುತ್ತೇನೆ, ಘಾಟಿಯಲ್ಲಿ ಮಾಡುವ ಹಾಗೆಯೇ. ನನ್ನ ಮಗಳು ಸ್ಟೇಷನ್ ಮಾಸ್ಟರ್. ಅವಳು ಲೈನ್ ಕೊಡುವ ತನಕ ನಾನು ಸಿಗ್ನಲ್ ಮುಂದೆ ನಿಂತಿರುತ್ತೇನೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು, "ಅಂಕಲ್, ನಿಮ್ಮ ಕಾಡಲ್ಲಿ ಆನೆ ಇದೆಯಾ?"

ಆನೆ ಇಟ್ಟಿಲ್ಲ ಪುಟ್ಟಿ, ಅಂದೆ. ಮಾಡಿದ್ದೆ, ಮೂರು ಸೆಂ.ಮೀ. ಎತ್ತರ, ಚೆನ್ನಾಗೇ ಬಂದಿತ್ತು. ಆದರೆ ಅದನ್ನು ಇಟ್ಟ ಮೇಲೆ ಯಾರೂ ಬೇರೇನೂ ನೋಡಲಿಲ್ಲ. ತೆಗೆದುಬಿಟ್ಟೆ. ಅದಿದ್ದ ಜಾಗದಲ್ಲಿ ಈಗ ಬಿದಿರು ಮೆಳೆ ಒಂದು ಕಡೆಗೆ ಮುರಿದು ಬಿದ್ದಿದೆ. ಹಳಿ ಪಕ್ಕದ ಕೆಸರಿನಲ್ಲಿ, ಬ್ರಷ್ ಹಿಡಿಯ ಹಿಂತುದಿಯಿಂದ ಒತ್ತಿದ ಆರು ಹೆಜ್ಜೆ ಗುರುತು ಇದೆ. ಅದರೊಳಗೆ ಒಂದೊಂದು ಹನಿ ವಾರ್ನಿಷ್, ಮಳೆ ನೀರು ನಿಂತ ಹಾಗೆ. ಮನೆಗೆ ಬಾ, ಟಾರ್ಚ್ ಕೊಡುತ್ತೇನೆ, ಹುಡುಕು ಅಂದೆ.